ಘೋರಕನ ಹಿಂಗಾಲು

ಬಾಯಲ್ಲಿ ಮೊಳೆ ಇಟ್ಕೊಂಡು ನಗಬೇಡ ಮಾರಾಯ. ಒಂದು ಗಂಟಲಿಗೆ ಇಳೀತು ಅಂದ್ರೆ ನಿನ್ನ ಹೊತ್ಕೊಂಡು ಓಡೋ ವಯಸ್ಸಲ್ಲ ನನ್ನದು. ಅಲ್ಲ, ಯಾಕೆ ನಗ್ತಿದ್ದೀಯ ಅಂತ? ನಾನಿನ್ನೂ ನಗೋ ಜಾಗಕ್ಕೇ ಬಂದಿಲ್ಲ. ನಾಯಕ ಬಂಡೆ ಮೇಲೆ ನಿಂತು ಖಡ್ಗ ಎತ್ತಿದ, ಅಲ್ಲೀತನಕ ಹೇಳಿದ್ದೀನಿ ಅಷ್ಟೇ. ವಿಗ್ಗು ಹಾರೋದು ಇನ್ನು ಮುಂದೆ... ಓ. ನಿನಗೆ ಗೊತ್ತಲ್ಲ. ಶೂಟಿಂಗ್ ದಿನ ನೀನೂ ಇದ್ದೆಯಲ್ಲ. ಹೂಂ, ಅದಕ್ಕೇ ನಗು. ಆದ್ರೂ ಕೇಳು, ದೊಡ್ಡ ಪರದೆ ಮೇಲೆ ನೋಡೋದೇ ಬೇರೆ.

ನಿನ್ನೆ ವಿಗ್ಗು ಹಾರಿದ್ದೇ ತಡ, ಇಡೀ ಹಾಲ್ ಒಂದೇ ದನಿಯಲ್ಲಿ ಕೂಗಿತು ನೋಡು, "ಗಾಳಿಗೂ ಗೊತ್ತು ನಾನು ಯಾರೆಂದು!" ಅಂತ. ನಾಯಕ ಬಾಯಿ ತೆರೆಯೋಕೆ ಮುಂಚೆಯೇ. ಆ ಮಾತು ಬರೆದವನು ಪಾಪ ವೀರಾವೇಶಕ್ಕೆ ಅಂತ ಬರೆದಿದ್ದ. ಈಗಿನ ಹುಡುಗರು ಅದನ್ನ ಅಂಗಿ ಮೇಲೆ ಅಚ್ಚು ಹಾಕಿಸ್ಕೊಂಡು ಓಡಾಡ್ತಾರೆ. ನಮ್ಮ 'ಮೂರನೇ ಸೂರ್ಯನ ಖಡ್ಗ' ಕಣೋ. ಆವತ್ತು ಎಂಬತ್ತರ ದಶಕದಲ್ಲಿ ಒಂದು ವಾರ ಓಡಿದ್ದು... ಪೂರ್ತಿ ವಾರವೂ ಇಲ್ಲ ಅಂತೀಯಾ? ಸರಿ, ಇಲ್ಲ. ಜನ ಪರದೆಗೆ ಚಪ್ಪಲಿ ಎಸೆದು ಎದ್ದು ಹೋದ ಸಿನಿಮಾ. ಅದನ್ನ ಈಗ ತೊಳೆದು, ಬಣ್ಣ ತಿದ್ದಿ, ಹೊಸ ಮದುಮಗನ ಹಾಗೆ ಮಾಡಿ ತೋರಿಸ್ತಿದ್ದಾರೆ. ಕಲ್ಟ್ ಅಂತೆ. ಸಭೆ ನಡೆಸಿಕೊಟ್ಟ ಹುಡುಗೀನ ಕೇಳಿದೆ, ಕಲ್ಟ್ ಅಂದ್ರೆ ಏನಮ್ಮ ಅಂತ. "ಆಗ ಯಾರೂ ನೋಡದೇ ಇದ್ದದ್ದನ್ನ ಈಗ ಎಲ್ಲರೂ ಬಾಯಿಪಾಠ ಮಾಡಿರೋದು ಸರ್" ಅಂದ್ಲು. ಸರ್. ಕೇಳಿಸ್ತಾ? ನನ್ನ ಸರ್ ಅಂದ್ಲು.

ನೀನು ಕೆಲಸ ನಿಲ್ಲಿಸಬೇಡ, ಮಾಡ್ತಾ ಇರು. ಆ ಸೋಫಾದ ಬಟ್ಟೆ ಬಿಗಿದು ಮುಗಿಸು, ನನಗೇನೂ ಅವಸರ ಇಲ್ಲ. ಸ್ವಲ್ಪ ಇದೆ. ಸಂಜೆ ಆರಕ್ಕೆ ಗಾಡಿ ಬರುತ್ತೆ ಅಂದಿದ್ದಾರೆ, ಅಲ್ಲೀತನಕ ಟೈಮಿದೆ. ಈ ನಿನ್ನ ಸ್ಟೂಲೊಂದು... ಕಂಡವರ ಕುರ್ಚಿಗಳನ್ನೆಲ್ಲ ಸರಿ ಮಾಡಿ ಕಳಿಸ್ತೀಯ, ಬಂದವರು ಕೂರೋಕೆ ಮಾತ್ರ ಒಂದು ನೆಟ್ಟಗಿರೋ ಪೀಠ ಇಟ್ಕೊಂಡಿಲ್ಲ. ತೆಂಗಿನ ನಾರಿನ ಧೂಳು ಬೇರೆ. ಮೂಗಿಗೆ ಏರಿದ್ರೆ ಸೀನು ನಿಲ್ಲಲ್ಲ. ಆ ಘೋರಕನ ಹೊಟ್ಟೆಯಲ್ಲೂ ಇದೇ ವಾಸನೆ ಇತ್ತು, ನೆನಪಿದೆಯಾ? ನಾರು, ರಬ್ಬರು, ಗೋಂದು, ನಮ್ಮಿಬ್ಬರ ಬೆವರು. ಆ ಮೃಗ ನೋಡಿ ಪರದೆ ಮೇಲೆ ರಾಣಿ ಕಿರುಚೋಳು. ನಿಜವಾಗ್ಲೂ ಕಿರುಚಬೇಕಾಗಿದ್ದು ವಾಸನೆಗೆ.

ಹುಡುಗರಿಗೆ ಅದೆಲ್ಲ ಹೇಳಿದೆ ವೇದಿಕೆ ಮೇಲೆ. ಒಂದು ಮೃಗ, ಒಳಗೆ ಇಬ್ಬರು ಮನುಷ್ಯರು. ಮುಂದೆ ನಾನು, ಹಿಂದೆ ನೀನು. ನಾನು ತಲೆ, ನೀನು ಬಾಲ. ಸ್ಟಂಟ್ ಮಾಸ್ತರು ಇಟ್ಟ ಹೆಸರು, ಇವತ್ತಿಗೂ ನಮ್ಮಿಬ್ಬರ ನಡುವೆ ಅದೇ ನಡೀತಿದೆ. ನನಗಾದ್ರೂ ಬಾಯಿಯ ಸಂದಿಯಿಂದ ಬೆಳಕು ಬೀಳ್ತಿತ್ತು. ನೀನು ಬಗ್ಗಿ, ಕತ್ತಲಲ್ಲಿ, ನನ್ನ ಬೆನ್ನು ನೋಡ್ಕೊಂಡು. ನನ್ನ ಸೊಂಟದಿಂದ ನಿನ್ನ ಮಣಿಕಟ್ಟಿಗೆ ಒಂದು ಹಗ್ಗ. ಒಂದು ಸಲ ಜಗ್ಗಿದ್ರೆ ನಡಿ, ಎರಡು ಸಲ ಜಗ್ಗಿದ್ರೆ ಸಾಯಿ. ಅಷ್ಟೇ ನಮ್ಮ ಭಾಷೆ. ಅದನ್ನ ಹೇಳಿದಾಗ ಹಾಲ್‌ನಲ್ಲಿ ಏನು ನಗು ಅಂತೀಯ... ಹೇಳಿದೆ ಕಣೋ, ಹೇಳಿದೆ. ಹಗ್ಗದ ವಿಷಯ ಹೇಳಿದೆ. ಯಾಕೆ ಹಾಗೆ ಹುಬ್ಬು ಏರಿಸ್ತೀಯ?

ಆ ನಡಿಗೆ ಬಗ್ಗೆ ಏನು ಬರೆದಿದ್ದಾರೆ ಗೊತ್ತಾ? ಮುಂಗಾಲು ಹೋಗುತ್ತೆ, ಹಿಂಗಾಲು ಅರ್ಧ ಹೆಜ್ಜೆ ತಡೆದು ಆಮೇಲೆ ಹೋಗುತ್ತಲ್ಲ, ಅದಕ್ಕೆ. "ಹಿಂಸೆಗೂ ಕರುಣೆಗೂ ನಡುವೆ ತುಯ್ದಾಡುವ ಮೃಗ" ಅಂತ. ಒಬ್ಬ ಕನ್ನಡಕದವನು ಮೈಕ್ ಹಿಡಿದು ಓದಿದ. ಹಗ್ಗ ಉದ್ದ ಆಗಿತ್ತು ಮಾರಾಯ, ನಾನು ಜಗ್ಗಿದ್ದು ನಿನ್ನ ಕೈಗೆ ಮುಟ್ಟೋ ಹೊತ್ತಿಗೆ ನಾನು ಇನ್ನೊಂದು ಹೆಜ್ಜೆ ಇಟ್ಟಾಗಿರ್ತಿತ್ತು. ಮೊದಲ ದಿನ ಯಾರೂ ಗಮನಿಸಲಿಲ್ಲ. ಗಮನಿಸೋ ಹೊತ್ತಿಗೆ ಅರ್ಧ ಸಿನಿಮಾ ಹಾಗೇ ತೆಗೆದಾಗಿತ್ತು, ಇನ್ನು ನೆಟ್ಟಗೆ ನಡೆದ್ರೆ ಬೇರೆ ಮೃಗ ಅನ್ಕೋತಾರೆ ಅಂತ ಹಾಗೇ ಬಿಟ್ಟರು. ಅದನ್ನ ಆ ಕನ್ನಡಕದವನಿಗೆ ಹೇಳೋಕೆ ಮನಸ್ಸು ಬರಲಿಲ್ಲ. ಅವನು ಅಷ್ಟು ಭಾವುಕನಾಗಿ ಓದುವಾಗ ಹಗ್ಗ ಉದ್ದ ಆಗಿತ್ತು ಅಂತ ಹೆಂಗೆ ಹೇಳಲಿ? ಸುಮ್ಮನೆ ತಲೆ ಅಲ್ಲಾಡಿಸಿದೆ... ಹೌದು, ಈಗ ತಾನೇ ಹಗ್ಗದ ವಿಷಯ ಹೇಳಿದೆ ಅಂದೆ. ಹೇಳಿದೆ, ಇಲ್ಲ ಅನ್ನಲ್ಲ, ಆದ್ರೆ ಉದ್ದ ಆಗಿತ್ತು ಅಂತ ಹೇಳಲಿಲ್ಲ. ಲಾಯರ್ ಥರ ನೋಡಬೇಡ ನನ್ನ.

ನಿನ್ನನ್ನೂ ಕರ್ಕೊಂಡು ಹೋಗಬೇಕಿತ್ತು. ಅದೇ ಬೇಜಾರು ನನಗೆ. ಏನ್ಮಾಡ್ಲಿ, ಒಂದೇ ಪಾಸು ಕೊಟ್ಟಿದ್ರು... ಎರಡು ಬೆರಳು ಯಾಕೆ ಎತ್ತಿದೆ, ಸೊಸೆನಾ? ಹೌದು, ಸೊಸೆ ಬಂದಿದ್ಲು, ಎರಡನೇ ಸಾಲಲ್ಲಿ ಕೂತಿದ್ಲು. ನಿನಗೆ ಯಾರು ಹೇಳಿದ್ರು? ನಾನೇ ಹೇಳಿದ್ನಾ? ಹೇಳಿರ್ತೀನಿ ಬಿಡು. ಅವಳಿಗೆ ಬೇರೆ ಪಾಸು. ಮನೆಯವರಿಗೆ ಅಂತ ಕೊಟ್ಟಿದ್ರು. ಅದು ಬೇರೆ, ಇದು ಬೇರೆ.

ಅವಳ ಮುಖ ನೋಡಬೇಕಿತ್ತು ನೀನು. ಮನೆಗೆ ಯಾರಾದ್ರೂ ಬಂದ್ರೆ "ಮಾವ, ನೀವು ಸ್ವಲ್ಪ ಒಳಗೆ ಕೂತ್ಕೊಳ್ಳಿ" ಅನ್ನೋಳು. ಕೆಟ್ಟವಳಲ್ಲ. ಊಟ ತಿಂಡಿಗೆ ಕಮ್ಮಿ ಮಾಡಲ್ಲ, ಮಾತ್ರೆ ತಂದು ಕೈಗೆ ಕೊಡ್ತಾಳೆ. ಆದ್ರೆ ನಾನು ಅಂದ್ರೆ ಮನೆಯಲ್ಲಿರೋ ಒಂದು ಹಳೇ ಬೀರು ಇದ್ದ ಹಾಗೆ, ಯಾವ ಮೂಲೆಗೆ ಸರಿಸಿದ್ರೆ ಚೆಂದ ಅನ್ನೋದಷ್ಟೇ ಲೆಕ್ಕ. ನಿನ್ನೆ ಪಕ್ಕದವಳಿಗೆ ಹೇಳ್ತಿದ್ಲು, "ನಮ್ಮ ಮಾವ" ಅಂತ ತುಟಿ ಆಡಿಸಿದ್ದು ನನಗೆ ವೇದಿಕೆಯಿಂದ ಕಾಣಿಸ್ತು. ನಮ್ಮ ಮಾವ. ಆ ದೊಡ್ಡ ಆಫೀಸಿನ ಲಿಫ್ಟ್‌ನಲ್ಲಿ ಜೀವಮಾನವೆಲ್ಲ ನಿಂತು ಜನರನ್ನ ಮೇಲೆ ಕೆಳಗೆ ಒಯ್ದೆನಲ್ಲ, ಒಬ್ಬನಾದ್ರೂ ನನ್ನ ಮುಖ ನೋಡಿದ್ನಾ? ಎಲ್ಲರೂ ನೋಡ್ತಿದ್ದಿದ್ದು ಬಾಗಿಲ ಮೇಲಿನ ನಂಬರು. ನಿನ್ನೆ ಅಷ್ಟು ಜನ ನನ್ನ ಮುಖ ನೋಡಿದ್ರು. ದೀಪ ಬೇರೆ ಕಣ್ಣಿಗೆ. ತಲೆ ತಿರುಗುತ್ತೆ ಕಣೋ. ನಿನಗೂ ತಿರುಗ್ತಿತ್ತು.

ಹಾಂ, ಕಾಲಿನ ವಿಷಯಕ್ಕೆ ಬರ್ತೀನಿ. ಬರಬೇಕಲ್ಲ.

ಕೊನೆಗೆ ಘೋರಕ ಸಾಯುತ್ತಲ್ಲ. ಖಡ್ಗ ಎದೆಗೆ ನೆಟ್ಟಿದೆ, ಮೃಗ ಕುಸಿದಿದೆ, ರಾಣಿ ಬಂದು ಅದರ ತಲೆ ಮಡಿಲಲ್ಲಿ ಇಟ್ಕೋತಾಳೆ. ಅಷ್ಟು ಹೊತ್ತು ಅದನ್ನ ಕಂಡ್ರೆ ಕಿರುಚ್ತಿದ್ದವಳು ಈಗ ಅದರ ಹಣೆ ಸವರ್ತಾಳೆ. ನಾನು ರೆಪ್ಪೆಗೆ ಕಟ್ಟಿದ್ದ ಸೈಕಲ್ ಬ್ರೇಕ್ ವೈರು ಎಳೆದು ಘೋರಕನ ಕಣ್ಣು ಮುಚ್ಚಿಸಿದೆ. ಸತ್ತೆ. ನಿನಗೆ ಎರಡು ಸಲ ಜಗ್ಗಬೇಕಿತ್ತು, ಮರೆತುಬಿಟ್ಟೆ. ರಾಣಿಯ ಪಾತ್ರದವಳ ಮಡಿಲಲ್ಲಿ ತಲೆ ಇಟ್ಟು ಮಲಗಿದ್ದೀನಿ, ಆ ವಯಸ್ಸಲ್ಲಿ ಹಗ್ಗ ಯಾರಿಗೆ ನೆನಪಿರುತ್ತೆ... ನಗು, ನಗು, ಇಲ್ಲಿ ನಗಬಹುದು. ಇದು ನಗೋ ಜಾಗವೇ. ಹಿಂದೆ ನಿನಗೇನು ಗೊತ್ತು? ತಲೆ ಸತ್ತಿದೆ, ಕಾಲಿಗೆ ಸುದ್ದಿ ಮುಟ್ಟಿಲ್ಲ. ನೀನು ಕಾಯ್ತಾ ಇದ್ದೆ. ಎಷ್ಟು ಹೊತ್ತಾದ್ರೂ ಹಗ್ಗ ಬರಲಿಲ್ಲ. ಆಮೇಲೆ ನಿನಗೇ ಏನೋ ಅನ್ನಿಸಿ, ಒಂದು ಕಾಲು ನಿಧಾನವಾಗಿ ಚಾಚಿದೆ. ಸ್ವಲ್ಪ ನಡುಗಿಸಿದೆ. ಆಮೇಲೆ ಮಡಚಿಕೊಂಡೆ, ಚಳಿಯಾದ ಮಗು ಕಾಲು ಒಳಗೆ ಎಳ್ಕೊಳ್ಳುತ್ತಲ್ಲ, ಹಾಗೆ.

ಡೈರೆಕ್ಟರ್ ಹೆಂಗೆ ಕೂಗಾಡಿದ. "ತಲೆ ಸತ್ತ ಮೇಲೆ ಒದೆಯೋನು ಯಾವನೋ ಅವನು ಹಿಂದೆ?" ಅಂತ. ಫಿಲ್ಮ್ ರೀಲು ಮುಗಿದಿತ್ತು, ಇನ್ನೊಂದು ಸಲ ತೆಗೆಯೋ ಹಾಗಿರಲಿಲ್ಲ, ಹಾಗೇ ಉಳೀತು. ಥಿಯೇಟರ್‌ನಲ್ಲಿ ಆ ಕಾಲು ಕಂಡಾಗ ಜನ ಬಿದ್ದು ಬಿದ್ದು ನಕ್ಕರು. ನೀನು ಆಮೇಲೆ ಸಿನಿಮಾ ಕಡೆ ತಲೆ ಹಾಕಿಯೂ ಮಲಗಲಿಲ್ಲ, ಸುತ್ತಿಗೆ ಹಿಡ್ಕೊಂಡು ಈ ಅಂಗಡಿ ಸೇರಿದೆ.

ನಿನ್ನೆ ನಗಲಿಲ್ಲ ಕಣೋ. ಅದನ್ನೇ ಹೇಳೋಕೆ ಬಂದಿದ್ದು. ಒಬ್ಬರೂ ನಗಲಿಲ್ಲ. ವಿಗ್ಗಿಗೆ ನಕ್ಕವರು, ಮಾಂತ್ರಿಕನ ಗಡ್ಡ ಕಿತ್ತು ಬಂದಿದ್ದಕ್ಕೆ ನಕ್ಕವರು, ಖಡ್ಗದೊಳಗಿನ ಟ್ಯೂಬ್‌ಲೈಟ್ ಮಿಣುಕಿದಾಗ ಶಿಳ್ಳೆ ಹೊಡೆದವರು, ಆ ಕಾಲು ಚಾಚಿದ್ದೇ ತಡ ಉಸಿರು ಬಿಗಿ ಹಿಡಿದ್ರು. ಯಾವುದೋ ಒಂದು ಮಗು ಮಾತ್ರ ಜೋರಾಗಿ ಕೇಳಿತು, "ಅಮ್ಮ, ಅದಕ್ಕೆ ನೋವಾಗ್ತಿದೆಯಾ?" ಅಂತ. ಆ ಕನ್ನಡಕದವನು ಕನ್ನಡಕ ತೆಗೆದು ಕಣ್ಣು ಒರೆಸ್ಕೊಂಡ. ಸುಳ್ಳು ಹೇಳಲ್ಲ. ಪರದೆ ಮೇಲೆ ಆ ಕಾಲು ನೋಡಿದ್ರೆ ಒಳಗೆ ಮನುಷ್ಯ ಇದ್ದಾನೆ ಅಂತ ಅನ್ನಿಸೋದೇ ಇಲ್ಲ. ಒಂದು ಪ್ರಾಣ ಹೋಗ್ತಿದೆ ಅನ್ನಿಸುತ್ತೆ.

ಏನು, ಮೊಳೆ ಬಿತ್ತಾ? ಅಗೋ, ಅಲ್ಲಿದೆ, ನಿನ್ನ ಮಂಡಿ ಹತ್ತಿರ. ನಾನು ಎತ್ತಿಕೊಡ್ಲಾ? ಬೇಡವಾ. ಸರಿ.

ಆಮೇಲೆ ಸಭೆ. ಆ ಹುಡುಗಿ ಕೇಳಿದ್ಲು, "ಆ ಕೊನೆಯ ಕಾಲು, ಅದು ಯಾರ ಕಲ್ಪನೆ ಸರ್?" ಅಂತ. ಎಲ್ಲರ ಕಣ್ಣೂ ನನ್ನ ಮೇಲೆ. ನಾನು... ನಾನು ಹೇಳಿದೆ. ಹಿಂದೆ ಇದ್ದ ನನ್ನ ಸ್ನೇಹಿತಂದು ಅಂತ ಹೇಳಿದೆ. ಮತ್ತೆ ಯಾರದು ಅಂತ ಹೇಳಲಿ? ಬಾಲ ಅಂತ ಒಬ್ಬ ಇದ್ದಾನೆ, ಈಗ ಸೋಫಾ ರಿಪೇರಿ ಮಾಡ್ತಾನೆ, ಅವನದೇ ಆ ಕಾಲು, ನನ್ನದೇನೂ ಇಲ್ಲ ಅಂತ. ಹಾಗೇ ಹೇಳಿದೆ. ಒಂದೊಂದು ಅಕ್ಷರವೂ ಹಾಗೇ.

ಸುತ್ತಿಗೆ ಸ್ವಲ್ಪ ನಿಧಾನ ಹೊಡಿ, ತಲೆ ಮೇಲೆ ಹೊಡೆದ ಹಾಗಿದೆ.

ಈಗ ವಿಷಯಕ್ಕೆ ಬರ್ತೀನಿ. ಬರೀ ಮಾತಾಡೋಕೆ ಬಂದಿದ್ದಲ್ಲ, ನಿನಗೂ ಗೊತ್ತಾಗಿರುತ್ತೆ. ಇವತ್ತು ಸಂಜೆ ಕಡೇ ಆಟ. ಹುಡುಗರು ಹೊಸ ಘೋರಕನ್ನ ಮಾಡಿಸಿದ್ದಾರೆ, ಹಳೇ ಫೋಟೋ ನೋಡಿಕೊಂಡು, ಹಗುರವಾದ ಫೋಮು, ಒಳಗೆ ಗಾಳಿಯಾಡುತ್ತೆ, ವಾಸನೆಗೀಸನೆ ಏನೂ ಇಲ್ಲ. ಆಟ ಮುಗಿದ ಮೇಲೆ ಅದು ಬಾಗಿಲಿಂದ ವೇದಿಕೆ ತನಕ ನಡೆದು ಬರಬೇಕು. ಒಳಗೆ ನಾನೇ ಇರಬೇಕಂತೆ. ಬೆಳಿಗ್ಗೆ ಇಬ್ಬರು ಹುಡುಗರನ್ನ ಒಬ್ಬರಾದ ಮೇಲೆ ಒಬ್ಬರು ಹಿಂದೆ ನಿಲ್ಲಿಸಿ ನಡೆಸಿ ನೋಡಿದ್ರು. ಒಬ್ಬ ಸಿಪಾಯಿ ಥರ ಕವಾಯತು ಮಾಡ್ತಾನೆ. ಇನ್ನೊಬ್ಬ ನನ್ನ ಮೇಲೇ ಬಿದ್ದ, ಈ ಮಂಡಿ ನೋಡು, ಹೇಗೆ ಊದಿದೆ. ಆ ತಡೆಯೋದು ಇದೆಯಲ್ಲ, ಅರ್ಧ ಹೆಜ್ಜೆ, ಅದು ಹೇಳಿಕೊಟ್ಟು ಬರೋದಲ್ಲ. ಜನ ಬರೋದೇ ಅದಕ್ಕೆ. ಆ ನಡಿಗೆ ಇಲ್ಲದೇ ಹೋದ್ರೆ ನನ್ನ ಮರ್ಯಾದೆ ಏನಾಗುತ್ತೆ, ನೀನೇ ಹೇಳು. ಸೊಸೆ ಇವತ್ತು ಅವಳ ತವರಿನವರನ್ನೂ ಕರೆದಿದ್ದಾಳೆ. ಅದಕ್ಕೇ ಅವರಿಗೆ ಹೇಳಿಬಿಟ್ಟೆ, ನನಗೆ ಗೊತ್ತಿರೋ ಒಬ್ಬನಿದ್ದಾನೆ, ಕರ್ಕೊಂಡು ಬರ್ತೀನಿ ಅಂತ.

ಬರ್ತೀಯ ತಾನೇ? ಐದು ನಿಮಿಷದ ಕೆಲಸ.

ಬಾ ಅಂದ್ರೆ... ಸ್ವಲ್ಪ ಹೀಗೆ. ಮುಂದಿನ ಬಾಗಿಲಿಂದ ಬೇಡ. ಹಿಂದೆ ಒಂದು ಬಾಗಿಲಿದೆ, ಸಾಮಾನು ಸಾಗಿಸೋದು, ಅಲ್ಲಿಂದ ಒಳಗೆ ಹೋಗೋಣ. ಮುಂದೆ ಗಲಾಟೆ ಜಾಸ್ತಿ, ಫೋಟೋ ಅಂತ ಮೈಮೇಲೆ ಬೀಳ್ತಾರೆ, ನಿನಗೆ ಆಗಲ್ಲ. ಎಲ್ಲರೂ ಬರೋಕೆ ಮುಂಚೆ ನೀನು ವೇಷ ಹಾಕ್ಕೊಂಡು ರೆಡಿ ಇದ್ದುಬಿಡು. ನಡೆದಾದ ಮೇಲೆ ನಾನು ತಲೆ ತೆಗೆದು ಕೈ ಮುಗೀತೀನಿ. ನೀನು... ನೀನು ತೆಗೆಯೋದು ಬೇಡ. ಹಾಗೇ ಒಳಗೆ ಹೋಗಿಬಿಡು. ಇಲ್ಲ ಇಲ್ಲ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಇಬ್ಬರೂ ಮುಖ ತೋರಿಸಿದ್ರೆ ಮೃಗದ ಮಜಾ ಹೋಗುತ್ತೆ ಅಂತ ಅವರೇ ಅಂದ್ರು... ಒಂದು ಬೆರಳು ಎತ್ತಿ, ಒಬ್ಬ ತೋರಿಸಿದ್ರೆ ಹೋಗಲ್ವಾ ಅಂದ್ರೆ? ಅದು ನನಗೇನು ಗೊತ್ತು, ಅವರು ಓದಿದವರು, ಅವರ ಲೆಕ್ಕ ಬೇರೆ ಇರುತ್ತೆ.

ಇನ್ನೊಂದು ಸಣ್ಣ ವಿಷಯ. ಅಲ್ಲಿ ಯಾರಾದ್ರೂ ನೀವು ಯಾರು ಅಂತ ಕೇಳಿದ್ರೆ, ಹೊಲಿಗೆ ಕೆಲಸದವನು, ವೇಷ ಎಲ್ಲಾದ್ರೂ ಹರಿದ್ರೆ ನೋಡ್ಕೊಳ್ಳೋಕೆ ಬಂದಿದ್ದೀನಿ ಅನ್ನು. ಸುಳ್ಳೇನಲ್ಲವಲ್ಲ, ಹೊಲಿಗೆ ಕೆಲಸ ನಿನ್ನದೇ. ಬಾಲ ಗೀಲ ಅನ್ನೋ ಮಾತು ಬೇಡ. ಯಾಕೆ ಅಂದ್ರೆ... ಯಾಕೆ ಅಂದ್ರೆ ಸುಮ್ಮನೆ. ಅದಕ್ಕೆಲ್ಲ ಕಾರಣ ಕೇಳಬೇಡ.

ಕೇಳ್ತಿಲ್ಲ ನೀನು. ಹೌದು. ನೀನೇನೂ ಕೇಳ್ತಿಲ್ಲ.

ಬಾಯಲ್ಲಿ ಮೊಳೆ ಮುಗೀತಲ್ಲ. ಡಬ್ಬಿಯಿಂದ ಇನ್ನೂ ಒಂದು ಹಿಡಿ ತಗೊಂಡು ಹಾಕ್ಕೊಳ್ತೀಯ ಅನ್ಕೊಂಡೆ, ನೀನು ನೋಡಿದ್ರೆ ಡಬ್ಬಿ ಮುಚ್ಚಿಟ್ಟೆ. ಮುಚ್ಚಿಟ್ಟ ಮೇಲೆ ಮಾತಾಡಬಹುದಲ್ಲ. ಬರ್ತೀನಿ ಅನ್ನು, ಇಲ್ಲ ಬರಲ್ಲ ಹೋಗು ಅನ್ನು. ಸುತ್ತಿಗೆ ಕೆಳಗಿಟ್ಟು ಹಾಗೆ ಕೈ ಒರೆಸ್ತಾ ಕೂತ್ರೆ ನಾನು ಏನಂತ ತಿಳ್ಕೊಳ್ಳಲಿ?

ಚೆನ್ನಾಗಿಲ್ಲ ಕಣೋ ಇದು. ರಸ್ತೆಯಲ್ಲಿ ಎರಡು ನಾಯಿ ಕಚ್ಚಾಡಿದ್ರೂ ಯಾರ ಮನೆ ನಾಯಿ ಅಂತ ವಿಚಾರಿಸೋ ಆಸಾಮಿ ನೀನು. ಇವತ್ತು ನಾನು ಬಂದಾಗಿಂದ ನಿನ್ನ ಬಾಯಿಂದ ಒಂದು ಪ್ರಶ್ನೆ ಇಲ್ಲ. ಎಷ್ಟು ಜನ ಬಂದಿದ್ರು ಅಂತ ಕೇಳಲಿಲ್ಲ. ರಾಣಿ ಪಾತ್ರದವಳು ಬಂದಿದ್ಲಾ ಅಂತ ಕೇಳಲಿಲ್ಲ, ಅವಳ ಸುದ್ದಿ ಅಂದ್ರೆ ಜೀವ ಬಿಡ್ತಿದ್ದೆ ನೀನು. ನಿನ್ನ ಹೆಸರು ಹೇಳಿದೆ ಅಂದಾಗ ಜನ ಏನಂದ್ರು ಅಂತಲೂ ಕೇಳಲಿಲ್ಲ. ಯಾರಾದ್ರೂ ಕೇಳ್ತಾರೆ ಕಣೋ ಅದನ್ನ. ಕಲ್ಲಾದ್ರೂ ಕೇಳುತ್ತೆ.

ಆಯ್ತು, ನೀನು ಕೇಳದೇ ಇದ್ರೂ ನಾನೇ ಹೇಳ್ತೀನಿ. ಎದ್ದು ನಿಂತ್ರು. ಇಡೀ ಹಾಲ್ ನಿನಗೋಸ್ಕರ ಎದ್ದು ನಿಂತಿತು. ಇದು ಸುಳ್ಳಲ್ಲ, ಬೇಕಾದ್ರೆ ಯಾರನ್ನ ಬೇಕಾದ್ರೂ ಕೇಳು. ಮುಂದಿನ ಸಾಲಿಂದ ಹಿಡಿದು ಹಿಂದಿನ ಸಾಲಿನ ತನಕ...

ಏನು? ಯಾಕೆ ಹಾಗೆ ನೋಡ್ತೀಯ?

ಹಿಂದಿನ ಸಾಲಿನ ತನಕ ಅಂದೆ, ಅಷ್ಟೇ.

ನಾನು ವಿಗ್ಗಿನ ಸುದ್ದಿ ಹೇಳೋಕೆ ಮುಂಚೆಯೇ ನಕ್ಕೆಯಲ್ಲ. ಆ ಗಲಾಟೆ, ಆ ಹುಡುಗರು ಒಟ್ಟಿಗೆ ಕೂಗಿದ್ದು. ಶೂಟಿಂಗ್ ದಿನ ಕೂಗಿದವರು ಯಾರಿದ್ರು? ಸೊಸೆ ಬಂದಿದ್ಲು ಅಂತ ನಾನು ಹೇಳಿರಲಿಲ್ಲ. ಈಗ ನೆನಪಾಗ್ತಿದೆ, ಹೇಳಿರಲಿಲ್ಲ. ನಾನು ಒಂದೇ ಪಾಸು ಅಂದ ಕೂಡಲೇ ನೀನು ಎರಡು ಬೆರಳು ಎತ್ತಿ ತೋರಿಸಿದೆ. ಎರಡನೇ ಸಾಲು.

ಬಂದಿದ್ದೆಯಾ?

ಟಿಕೆಟ್ ತಗೊಂಡಾ? ಯಾರಿಗೂ ಹೇಳದೆ, ಒಬ್ಬನೇ?

ಹಿಂದೆ ಕೂತಿರ್ತೀಯ. ಎಲ್ಲಾ ಬಿಟ್ಟು ಹಿಂದೇನೇ ಕೂತಿರ್ತೀಯ. ವೇದಿಕೆ ಮೇಲಿಂದ ಹಿಂದಿನ ಸಾಲು ಕಾಣಲ್ಲ ಕಣೋ, ಕತ್ತಲೆ. ಕಣ್ಣಿಗೆ ದೀಪ ಬಿಟ್ಟಿರ್ತಾರೆ. ನೀನು ಇದ್ದೀಯ ಅಂತ ಗೊತ್ತಿದ್ರೆ... ಗೊತ್ತಿದ್ರೆ ಏನು, ಗೊತ್ತಿದ್ರೆ ಬೇರೆ ಸುಳ್ಳು ಹೇಳ್ತಿದ್ದೆ. ಅಷ್ಟೇ ನನ್ನ ಯೋಗ್ಯತೆ.

ಹಾಗಿದ್ರೆ ಎಲ್ಲಾ ಕೇಳಿಸ್ಕೊಂಡಿದ್ದೀಯ. ನಾನಿಲ್ಲಿ ಕೂತು ಇಷ್ಟು ಹೊತ್ತು... ಥೂ. ನನ್ನ ಸ್ನೇಹಿತನ ಕಾಲು ಅಂದೆ, ಒಂದೊಂದು ಅಕ್ಷರವೂ ಹಾಗೇ ಅಂದೆ, ನೀನು ಮೊಳೆ ಕಚ್ಚಿಕೊಂಡು ಕೇಳ್ತಿದ್ದೆ. ನಿಲ್ಲಿಸೋ ಅನ್ನಬಾರದಿತ್ತಾ? ಆ ಸುತ್ತಿಗೆಯಲ್ಲಿ ಒಂದು ಕೊಡಬಾರದಿತ್ತಾ?

ಹೌದು, ನನ್ನದು ಅಂದೆ. ಕಾಲು ನನ್ನ ಕಲ್ಪನೆ, ಹಿಂದೆ ಇದ್ದವನಿಗೆ ನಾನೇ ಹೇಳಿಕೊಟ್ಟಿದ್ದು ಅಂದೆ. ಅವಳು ಕೇಳಿದ ರೀತಿ ಹಾಗಿತ್ತು. "ನಿಮ್ಮ ಕಲ್ಪನೆ ತಾನೇ ಸರ್" ಅಂತ ಉತ್ತರ ತಾನೇ ಬಾಯಿಗಿಟ್ಟು ಕೇಳಿದ್ಲು. ಹೌದಮ್ಮ ಅಂದೆ. ಅಂದ ಕೂಡಲೇ ಚಪ್ಪಾಳೆ. ಚಪ್ಪಾಳೆ ಶುರುವಾದ ಮೇಲೆ ಅದನ್ನ ನಿಲ್ಲಿಸಿ, ಇಲ್ಲ ಇಲ್ಲ ಅನ್ನೋ ಗಂಡಸು ನಾನಲ್ಲ. ಅಲ್ಲಿಗೆ ಬಿಟ್ಟಿದ್ರೆ ಸಾಕಿತ್ತು. ಅವಳು ಬಿಡಬೇಕಲ್ಲ. "ಆ ಹಿಂದೆ ಇದ್ದವರು ಈಗ ಎಲ್ಲಿದ್ದಾರೆ, ಅವರನ್ನೂ ಕರೆಸೋಣ" ಅಂದ್ಲು. ನೀನು ಬಂದು ವೇದಿಕೆ ಹತ್ತಿ ಕಾಲು ನನ್ನದು ಅಂದ್ರೆ? ಸೊಸೆ ಕೂತಿದ್ದಾಳೆ ಎದುರಿಗೆ. ನೀನು ಹಾಗೆ ಅಂತಿರಲಿಲ್ಲ. ಗೊತ್ತು ನನಗೆ, ಸಾಯೋತನಕ ಅಂತಿರಲಿಲ್ಲ. ಆದ್ರೂ ಹೆದರಿದೆ. ಹೆದರಿ...

ಹೇಳ್ಲಾ? ನೀನು ಕೇಳಿಸ್ಕೊಂಡಿದ್ದೀಯ, ಮತ್ತೆ ನನ್ನ ಬಾಯಿಂದಲೇ ಬರಬೇಕಾ?

ತೀರಿಕೊಂಡ ಅಂದೆ. ತೀರಿಕೊಂಡು ಬಹಳ ವರ್ಷ ಆಯ್ತಮ್ಮ, ಹೆಸರೂ ನೆನಪಿಲ್ಲ, ಯಾರೋ ಕೂಲಿಗೆ ಬಂದವನು ಅಂದೆ. ಅಷ್ಟು ಸಲೀಸಾಗಿ ಬಂತು. ನಿನ್ನ ಕೊಂದಿದ್ದಕ್ಕೆ ನನ್ನ ನಾಲಿಗೆ ಒಂಚೂರೂ ತೊದಲಲಿಲ್ಲ.

ಅಯ್ಯೋ, ಏನಾದ್ರೂ ಅನ್ನೋ. ಹಿಂದಿನ ಬಾಗಿಲಿಂದ ಬಾ, ಮುಖ ತೋರಿಸಬೇಡ, ಹೊಲಿಗೆಯವನು ಅನ್ನು ಅಂತ ನಿನ್ನ ಅಂಗಡಿಗೇ ಬಂದು ಹೇಳ್ತಿದ್ದೀನಿ, ನಿನ್ನ ಸ್ಟೂಲ್ ಮೇಲೇ ಕೂತು. ಸತ್ತವನು ಎದ್ದು ಬಂದ್ರೆ ನನಗೆ ಅವಮಾನ ಅಂತ. ಬೈಯಿ. ಕತ್ತು ಹಿಡಿದು ಹೊರಗೆ ಹಾಕು. ಸಂಜೆ ನಾನು ಎಲ್ಲಿಗೂ ಹೋಗಲ್ಲ. ಗಾಡಿ ಬಂದ್ರೆ ವಾಪಸ್ ಕಳಿಸ್ತೀನಿ... ಇಲ್ಲ, ಹೋಗ್ತೀನಿ, ಹೋಗಿ ಮೈಕ್ ಹಿಡಿದು ಹೇಳ್ತೀನಿ. ಹೇಳ್ತೀನೋ ಇಲ್ವೋ ದೇವರಿಗೇ ಗೊತ್ತು. ನನ್ನ ಮಾತು ನನಗೇ ನಂಬಿಕೆ ಇಲ್ಲ, ನಿನಗೆ ಹೆಂಗೆ ಹೇಳಲಿ?

ಒಂದು ಕೇಳ್ತೀನಿ. ಇದೊಂದಕ್ಕೆ ಉತ್ತರ ಹೇಳು, ಆಮೇಲೆ ಎದ್ದು ಹೋಗ್ತೀನಿ.

ಆ ಹುಡುಗಿ ಅಂದ್ಲಲ್ಲ, "ಆ ಹೆಸರಿಲ್ಲದ ಕಲಾವಿದರ ನೆನಪಿಗೆ ಎಲ್ಲರೂ ಒಂದು ನಿಮಿಷ ಮೌನವಾಗಿ ಎದ್ದು ನಿಲ್ಲೋಣ" ಅಂತ. ಎಲ್ಲರೂ ಎದ್ರು. ಕುರ್ಚಿಗಳೆಲ್ಲ ಧಡಧಡ ಅಂತ ಮಡಚಿಕೊಂಡ ಸದ್ದು ಬಂತು. ಮಕ್ಕಳು ಸುದ್ದಾ ನಿಂತ್ರು. ನಾನೂ ತಲೆ ಬಗ್ಗಿಸಿ ನಿಂತೆ, ನನ್ನ ಚಪ್ಪಲಿ ನೋಡ್ಕೊಂಡು. ಆಗ ನೀನು ಅಲ್ಲೇ ಇದ್ದೆ. ಕತ್ತಲಲ್ಲಿ. ಸುತ್ತ ಎಲ್ಲರೂ ಎದ್ದಾಗ ನೀನೇನು ಮಾಡಿದೆ?

ಕೂತೇ ಇದ್ಯಾ? ಕೂತಿದ್ರೆ ಪಕ್ಕದವರು ಬಿಟ್ಟಿರಲ್ಲ. ಸತ್ತವರಿಗೆ ಅಷ್ಟು ಮರ್ಯಾದೆ ಕೊಡೋಕೆ ಬರಲ್ವಾ ಅಂದಿರ್ತಾರೆ. ಯಾರಾದ್ರೂ ಭುಜ ಮುಟ್ಟಿ ಎಬ್ಬಿಸಿದ್ರಾ?

ಹೇಳೋ. ನಿಂತ್ಯಾ?

ನಿಂತೆ.

ತಲೆ ಆಡಿಸ್ತೀಯಲ್ಲೋ... ನಿಂತೆ. ನಿನ್ನ ಸಾವಿಗೆ ನೀನೇ. ಕೈ ಕಟ್ಕೊಂಡು, ಎಲ್ಲರ ಹಾಗೆ.

ಪೂರ್ತಿ ನಿಮಿಷ?

ನನಗೆ ಆಗಲಿಲ್ಲ ಕಣೋ. ಮಂಡಿ ನೋವು ಅಂತ ನೆಪ ಹೇಳಿ ಎಲ್ಲರಿಗಿಂತ ಮೊದಲು ಕೂತುಬಿಟ್ಟೆ. ನೀನು ಹಿಂದಿನ ಸಾಲಿಂದ ಅದನ್ನೂ ನೋಡಿರ್ತೀಯ.